ಅಪ್ಪನ ಪುಸ್ತಕಗಳನ್ನು ಬಳಗದಲ್ಲಿ ಓದಿಸುವುದು: ನನ್ನ ಅನುಭವ

ಅಪ್ಪ–ಮಕ್ಕಳ ಕುರಿತ ಪುಸ್ತಕವನ್ನು ಓದುಬಳಗಕ್ಕೆ ಆರಿಸುವಾಗ ನಾನು ಮೊದಲು ನೋಡುವುದು ಮಾತಾಡುತ್ತಿರುವವರು ಯಾರು ಎಂಬುದನ್ನು. ಅಪ್ಪ ಬರೆದದ್ದರಲ್ಲಿ ಬುದ್ಧಿಮಾತು ಹೆಚ್ಚು. ಮಕ್ಕಳು ಬರೆದದ್ದರಲ್ಲಿ ಹಳೆಯ ಬಾಕಿ ಕೇಳುವ ಧಾಟಿ ಇರುತ್ತದೆ. ಒಂದನ್ನೇ ಓದಿದ ಬಳಗ ಬೇಗ ತೀರ್ಪು ಕೊಟ್ಟುಬಿಡುತ್ತದೆ, ಆದ್ದರಿಂದ ಎರಡನ್ನೂ ಜೋಡಿಯಾಗಿ ಕೊಡುತ್ತೇನೆ.

ಕಾದಂಬರಿಯಿಂದ ಶುರು ಮಾಡುವುದಿಲ್ಲ. ಮೊದಲು ಪತ್ರಗಳು. ನೆಹರೂ 1928ರ ಬೇಸಿಗೆಯಲ್ಲಿ, ಹತ್ತು ವರ್ಷದ ಇಂದಿರಾಗೆ ಬರೆದ ಪತ್ರಗಳಲ್ಲಿ ಭೂಮಿ ಹುಟ್ಟಿದ್ದು, ಜೀವ ಮೂಡಿದ್ದು, ಆದಿಮಾನವ ಬದುಕಿದ್ದು ಎಲ್ಲ ಬರುತ್ತದೆ. ಅಕ್ಕರೆಯೆಲ್ಲ ಆ ವಿವರಣೆಯ ತಾಳ್ಮೆಯಲ್ಲೇ ಇದೆ. ಇದರ ಜೋಡಿಗೆ, ಜರ್ಮನ್ ಭಾಷೆಯಲ್ಲಿ ಬರೆದ ಕಥೆಗಾರ ಫ್ರಾಂಝ್ ಕಾಫ್ಕಾ 1919ರಲ್ಲಿ ತನ್ನ ತಂದೆಗೆ ಬರೆದ, ತಂದೆಯ ಕೈಸೇರದೇ ಹೋದ ನೀಳ ಪತ್ರ. ರಾತ್ರಿ ನೀರು ಕೇಳಿ ಹಟ ಹಿಡಿದ ಮಗುವನ್ನು ಅಪ್ಪ ಎತ್ತಿ ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಳ್ಳುವ ಭಾಗ ಅದರ ಆರಂಭದಲ್ಲೇ ಬರುತ್ತದೆ. ಗಟ್ಟಿಯಾಗಿ ಓದಲು ಅದನ್ನೇ ಆರಿಸುತ್ತೇನೆ.

ಎಂಟು–ಹತ್ತು ಜನ, ಒಂದೂವರೆ ಗಂಟೆ, ಅದರಲ್ಲಿ ಇಪ್ಪತ್ತು ನಿಮಿಷ ಗಟ್ಟಿ ಓದು. ಹನ್ನೆರಡು ಜನ ದಾಟಿದರೆ ಮಾತಾಡುವವರು ನಾಲ್ಕೈದು ಮಂದಿ ಮಾತ್ರ ಉಳಿಯುತ್ತಾರೆ.

ಹೆಚ್ಚು ಕೆಡುವುದು ಚರ್ಚೆ. ‘ಓದಿ ಏನನ್ನಿಸಿತು?’ ಎಂದು ಕೇಳಿದ ಕೂಡಲೇ ಪುಸ್ತಕ ಪಕ್ಕಕ್ಕೆ ಸರಿದು, ಪ್ರತಿಯೊಬ್ಬರೂ ತಮ್ಮ ಅಪ್ಪನ ಕಥೆಗೆ ಇಳಿಯುತ್ತಾರೆ. ಆ ಕಥೆಗಳು ಅಮೂಲ್ಯವೇ, ಆದರೆ ಅವುಗಳಿಗೆ ಕೊನೆಯ ಹದಿನೈದು ನಿಮಿಷ ಸಾಕು. ಅಲ್ಲಿಯವರೆಗೆ ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿಸುತ್ತೇನೆ: ಅಪ್ಪ ಮಾಡಿದ್ದು, ಅಪ್ಪ ಆಡಿದ್ದು, ಬರೆದವರು ಅದಕ್ಕೆ ಕೊಟ್ಟ ಅರ್ಥ. ಒಬ್ಬೊಬ್ಬರಿಗೆ ಪುಸ್ತಕದ ಎರಡು ಪುಟ ಸಾಕು. ಮೂರನೆಯ ಕಾಲಂ ತುಂಬಿ ಮೊದಲೆರಡು ಖಾಲಿ ಉಳಿದರೆ, ಅಪ್ಪ ಅಲ್ಲಿ ಕಾಣುತ್ತಲೇ ಇಲ್ಲ, ಅವನ ಮೇಲಿನ ಆರೋಪವೋ ಹೊಗಳಿಕೆಯೋ ಮಾತ್ರ ಕಾಣುತ್ತಿದೆ ಎಂದರ್ಥ. ಒಳ್ಳೆಯ ಪುಸ್ತಕದಲ್ಲಿ ಮೊದಲ ಕಾಲಂ ಎಂದೂ ಬರಿದಾಗುವುದಿಲ್ಲ. ಇದು ನಾನು ಪೂರ್ತಿ ನಂಬುವ ಅಳತೆ.

ಕಾಫ್ಕಾನ ಪತ್ರದ ಕೊನೆಯ ಭಾಗವನ್ನು ತಡೆಹಿಡಿದು ಕೊಡಬೇಕು. ಅಲ್ಲಿ ಅವನೇ ಅಪ್ಪನ ಪರವಾಗಿ ನಿಂತು ತನಗೆ ತಾನೇ ಉತ್ತರ ಬರೆದುಕೊಳ್ಳುತ್ತಾನೆ. ಅದನ್ನು ಓದುವ ಮೊದಲು ಎಲ್ಲರೂ ಅಪ್ಪನ ಉತ್ತರವನ್ನು ಹತ್ತು ಸಾಲಿನಲ್ಲಿ ಬರೆಯಲಿ. ಹೆಚ್ಚಿನವರು ಕ್ಷಮೆ ಕೇಳುವ ಅಪ್ಪನನ್ನು ಬರೆಯುತ್ತಾರೆ. ಕಾಫ್ಕಾನ ಅಪ್ಪ ತಿರುಗೇಟು ಕೊಡುತ್ತಾನೆ. ಆ ಅಂತರದ ಮೇಲೆ ನಡೆಯುವ ಮಾತುಕತೆಯೇ ಇಡೀ ಓದಿನ ತಿರುಳು, ಅದಕ್ಕೆ ಅರ್ಧ ಗಂಟೆಯಾದರೂ ಬೇಕು.

ಪುಸ್ತಕದಲ್ಲಿ ಅಪ್ಪನ ಕಾಯಿಲೆ ಅಥವಾ ಸಾವು ಬರುವುದಾದರೆ ವಾರ ಮೊದಲೇ ಪುಟಸಂಖ್ಯೆ ಸಮೇತ ತಿಳಿಸುತ್ತೇನೆ. ಇತ್ತೀಚೆಗೆ ಅಪ್ಪನನ್ನು ಕಳೆದುಕೊಂಡವರು ಆ ಪುಟಗಳನ್ನು ಬಿಟ್ಟು ಓದಬಹುದು, ಅವರಿಗೆ ಗಟ್ಟಿಯಾಗಿ ಓದುವ ಸರದಿಯನ್ನೂ ಕೊಡುವುದಿಲ್ಲ.