ಮುಂಬಯಿಯಲ್ಲಿ ಆರೋಗ್ಯ ಕೆಟ್ಟಾಗ ಮೊದಲು ಎಲ್ಲಿಗೆ ಹೋಗಬೇಕು

ಊರು ಬಿಟ್ಟು ಬಂದು ಮುಂಬಯಿಯ ಹೋಟೆಲುಗಳಲ್ಲಿ ದುಡಿಯುವ ನಮ್ಮವರಲ್ಲಿ ಅನೇಕರು ಜ್ವರ ಬಂದರೆ ಔಷಧಿ ಅಂಗಡಿಯಿಂದ ಎರಡು ಮಾತ್ರೆ ತಂದು ನುಂಗುತ್ತಾರೆ. ಅದಕ್ಕೂ ಬಗ್ಗದಿದ್ದರೆ ನೇರವಾಗಿ ಪರೇಲಿನ ಕೆಇಎಂ ಅಥವಾ ಸಯನ್ ಆಸ್ಪತ್ರೆಗೆ ಹೋಗಿ, ಕೇಸ್ ಪೇಪರಿನ (ನೋಂದಣಿ ಚೀಟಿಯ) ಸಾಲಿನಲ್ಲಿ ಅರ್ಧ ದಿನದ ಸಂಬಳ ಕಳೆದುಕೊಳ್ಳುತ್ತಾರೆ. ಇವೆರಡರ ನಡುವಿನ ಮೆಟ್ಟಿಲೇ ಪ್ರಾಥಮಿಕ ಆರೈಕೆ. ಬಡಾವಣೆಯ ಫ್ಯಾಮಿಲಿ ಡಾಕ್ಟರ್, ಮಹಾನಗರಪಾಲಿಕೆಯ ದವಾಖಾನೆ ಮತ್ತು ಪಾಲಿಕೆಯೇ 2022ರಲ್ಲಿ ಆರಂಭಿಸಿದ ‘ಆಪ್ಲಾ ದವಾಖಾನಾ’ (ನಮ್ಮ ದವಾಖಾನೆ)ಗಳು ಈ ಮೆಟ್ಟಿಲಿಗೆ ಸೇರಿದವು. ಆಪ್ಲಾ ದವಾಖಾನಾದಲ್ಲಿ ತಪಾಸಣೆಯೂ ಔಷಧಿಯೂ ಉಚಿತ. ಅವುಗಳಲ್ಲಿ ಹಲವು ರಾತ್ರಿ 10ರವರೆಗೆ ನಡೆಯುವುದರಿಂದ ಕೆಲಸ ಬಿಡದೆ ಹೋಗಿಬರಬಹುದು.

ಜ್ವರ, ಕೆಮ್ಮು, ಭೇದಿ, ಸಣ್ಣ ಗಾಯ, ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ನಿಯಮಿತ ತಪಾಸಣೆ, ಇವೆಲ್ಲಕ್ಕೂ ಇಲ್ಲಿಗೇ ಬರಬೇಕು. ಎರಡು ವಾರ ಮೀರಿದ ಕೆಮ್ಮನ್ನು ಮುಂಬಯಿಯ ಧೂಳಿನ ತಲೆಗೆ ಕಟ್ಟದೆ ಕಫ ಪರೀಕ್ಷೆ ಮಾಡಿಸಿಕೊಳ್ಳಬೇಕು; ಕ್ಷಯವೆಂದು ತಿಳಿದರೆ ಸರ್ಕಾರಿ ಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ. ಮಳೆಗಾಲದಲ್ಲಿ ರಸ್ತೆಯಲ್ಲಿ ನಿಂತ ನೀರಿನಲ್ಲಿ ನಡೆದವರು, ಕಾಲಿನಲ್ಲಿ ಗಾಯವಿದ್ದರಂತೂ ತಪ್ಪದೆ, 72 ಗಂಟೆಗಳೊಳಗೆ ವೈದ್ಯರನ್ನು ಕಾಣಬೇಕು. ಇಲಿಜ್ವರವನ್ನು ತಡೆಯುವ ಮಾತ್ರೆ ಬೇಕೇ ಎಂಬುದನ್ನು ಅವರೇ ನಿರ್ಧರಿಸಲಿ.

ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದುದು ಒಬ್ಬರೇ ವೈದ್ಯರನ್ನು ಹಿಡಿದುಕೊಳ್ಳುವುದು. ಹೋದ ವರ್ಷದ ಸಕ್ಕರೆಯ ಅಂಶ ಎಷ್ಟಿತ್ತು, ಯಾವ ಔಷಧಿ ಒಗ್ಗಲಿಲ್ಲ ಎಂಬುದನ್ನು ಬಲ್ಲವರು ಬದಲಾವಣೆಯನ್ನು ಬೇಗ ಗುರುತಿಸುತ್ತಾರೆ. ಹಳೆಯ ಚೀಟಿ, ವರದಿಗಳನ್ನು ಒಂದೇ ಫೈಲಿನಲ್ಲಿಟ್ಟು, ಪ್ರತಿ ಬಾರಿಯೂ ಒಯ್ಯಿರಿ. ಊರಿನಿಂದ ಬಂದ ತಾಯಿತಂದೆಗೆ ಹಿಂದಿ, ಮರಾಠಿ ಬಾರದಿದ್ದರೆ ಜೊತೆಗೆ ಹೋಗಿ ಅವರ ಮಾತನ್ನು ಪೂರ್ತಿ ಕೇಳಿಯೇ ವೈದ್ಯರಿಗೆ ತಿಳಿಸಿರಿ. ‘ಎದೆ ಉರಿ’ ಮತ್ತು ‘ಎದೆ ನೋವು’ ಒಂದೇ ಅಲ್ಲ.

ಆದರೆ ಎದೆ ಹಿಂಡಿದಂತಾಗುವುದು, ಬಾಯಿ ಸೊಟ್ಟಗಾಗುವುದು, ಒಂದು ಕೈ ಅಥವಾ ಕಾಲಿನ ಬಲ ಹೋಗುವುದು, ಉಸಿರು ಕಟ್ಟುವುದು, ಪ್ರಜ್ಞೆ ತಪ್ಪುವುದು, ನಿಲ್ಲದ ರಕ್ತಸ್ರಾವ, ಇವುಗಳಲ್ಲಿ ಯಾವುದು ಕಂಡರೂ ದವಾಖಾನೆಯ ಬಾಗಿಲು ಕಾಯದೆ 108ಕ್ಕೆ ಕರೆ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಗುಣವಾಗಿ ಮರಳಿದ ಮೇಲೆ ಡಿಸ್ಚಾರ್ಜ್ ಕಾಗದವನ್ನು ಮತ್ತೆ ಅದೇ ಮೊದಲ ವೈದ್ಯರಿಗೆ ತೋರಿಸಿ, ಯಾವ ಮಾತ್ರೆಯನ್ನು ಎಷ್ಟು ದಿನ ಮುಂದುವರಿಸಬೇಕೆಂದು ಕೇಳಿ ಬರೆಸಿಕೊಳ್ಳಿರಿ.