ಹಿತ್ತಿಲ ಜಗಲಿಗೆ ದೀಪದ ಸರ ಕಟ್ಟುವ ಬಗೆ

ದಸರೆಯ ಹೊತ್ತಿಗೆ ಮೈಸೂರಿನಲ್ಲಿ ಸಂಜೆಯ ಮಳೆ ಇನ್ನೂ ಪೂರ್ತಿ ನಿಂತಿರುವುದಿಲ್ಲವಾದ್ದರಿಂದ, ಹಿತ್ತಿಲ ಜಗಲಿಗೆ ಹೊರಾಂಗಣಕ್ಕೆಂದೇ ತಯಾರಾದ, ಐಪಿ 65 ದರ್ಜೆಯ (ಅಂದರೆ ದೂಳು, ನೀರಿನ ಎರಚಲು ಒಳಹೋಗದ) ಎಲ್‌ಇಡಿ ಸರವನ್ನೇ ಆರಿಸಿಕೊಳ್ಳಿ. ಸರದ ಭಾರವನ್ನು ಅದರ ವೈರಿನ ಮೇಲೆಯೇ ಬಿಡುವುದು ತಪ್ಪು. ಕಂಬದಿಂದ ಕಂಬಕ್ಕೆ ಮೊದಲು ತೆಳುವಾದ ಸ್ಟೀಲ್ ತಂತಿಯನ್ನು ಕೊಕ್ಕೆಗಳಿಗೆ ಬಿಗಿದು, ಪ್ರತಿ ಬಲ್ಬಿನ ಪಕ್ಕದಲ್ಲಿ ಕೇಬಲ್ ಟೈ ಹಾಕಿ, ಬಲ್ಬು ಕೆಳಮುಖವಾಗಿ ತೂಗುವಂತೆ ಕಟ್ಟಿದರೆ ಹೋಲ್ಡರಿನಲ್ಲಿ ನೀರು ನಿಲ್ಲುವುದಿಲ್ಲ. ಒಂದು ತುದಿ ತೆಂಗಿನ ಮರಕ್ಕಾದರೆ, ಗಾಳಿಗೆ ಮರ ತೂಗುವುದರಿಂದ ತುಸು ಸಡಿಲ ಬಿಡಿ. ಪ್ಲಗ್ಗಿಗೆ ಹೋಗುವ ವೈರು ಸಾಕೆಟ್ಟಿಗಿಂತ ಕೆಳಗಿಳಿದು ಮತ್ತೆ ಮೇಲೇರುವಂತೆ ಬಾಗಿಸಿದರೆ, ಮಳೆಹನಿಗಳು ಆ ಬಾಗಿನಲ್ಲೇ ಉದುರಿಹೋಗುತ್ತವೆ. 230 ವೋಲ್ಟಿನ ಸರಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿಯೇ ಲೈನು ಕಡಿಯುವ ಸ್ವಿಚ್ಚು) ಇರುವ ಲೈನಿನಿಂದಲೇ ಕರೆಂಟು ಕೊಡಿ. ಮನೆಯಲ್ಲಿ ಮಕ್ಕಳಿದ್ದರಂತೂ ಇದರಲ್ಲಿ ರಾಜಿ ಬೇಡವೇ ಬೇಡ.