ಎರಡನೇ ಗಡ್ಡೆ ಹರಡಿದ್ದೋ, ಹೊಸದೋ? ತಿಳಿಯುವ ಬಗೆ

ಒಮ್ಮೆ ಕ್ಯಾನ್ಸರ್ ಆದವರ ಸ್ಕ್ಯಾನ್‌ನಲ್ಲಿ ಬೇರೆ ಕಡೆ ಗಡ್ಡೆ ಕಂಡರೆ "ಹರಡಿಬಿಟ್ಟಿದೆ" ಎಂದು ಮನೆಯವರು ಕೈಚೆಲ್ಲುತ್ತಾರೆ. ಆತುರ ಬೇಡ. ಅದು ತಾನಾಗಿ ಹುಟ್ಟಿದ ಇನ್ನೊಂದು ಕ್ಯಾನ್ಸರ್ ಇರಬಹುದು. ಆಗ ಎರಡಕ್ಕೂ ಹಂತ ಬೇರೆ, ಚಿಕಿತ್ಸೆ ಬೇರೆ. ಎರಡೂ ಆರಂಭದ ಹಂತದಲ್ಲಿದ್ದರೆ ಗುಣಪಡಿಸುವ ಗುರಿಯನ್ನೇ ಇಟ್ಟುಕೊಳ್ಳಬಹುದು.

ಮೊದಲ ಕೆಲಸ ಬಯಾಪ್ಸಿ. ಪೆಟ್-ಸಿಟಿ ಸ್ಕ್ಯಾನ್‌ನಲ್ಲಿ ಹೊಳೆಯುವ ಚುಕ್ಕೆ ಟಿಬಿಯೂ ಆಗಿರಬಹುದು, ಹಾಗಾಗಿ ಹೊಳಪನ್ನಷ್ಟೇ ನಂಬಬೇಡಿ. ಎಫ್‌ಎನ್‌ಎಸಿಯಲ್ಲಿ (ತೆಳು ಸೂಜಿಯಿಂದ ಕೋಶ ಎಳೆಯುವ ಪರೀಕ್ಷೆ) ಬರುವ ಕೋಶಗಳು ಮುಂದಿನ ಪರೀಕ್ಷೆಗಳಿಗೆ ಎಷ್ಟೋ ಸಲ ಸಾಲುವುದಿಲ್ಲ. ಸಾಧ್ಯವಿದ್ದರೆ ದಪ್ಪ ಸೂಜಿಯಿಂದ ಗಡ್ಡೆಯ ತುಣುಕನ್ನೇ ತೆಗೆಯುವ ಕೋರ್ ಬಯಾಪ್ಸಿ ಕೇಳಿ. ಹಳೆಯ ಆಪರೇಷನ್‌ನ ಪ್ಯಾರಾಫಿನ್ ಬ್ಲಾಕ್ (ಮೇಣದಲ್ಲಿ ಕಾದಿಟ್ಟ ಗಡ್ಡೆಯ ತುಣುಕು), ಸ್ಲೈಡ್‌ಗಳನ್ನು ತರಿಸಿ, ಹಳೆಯದನ್ನೂ ಹೊಸದನ್ನೂ ಒಬ್ಬರೇ ಪೆಥಾಲಜಿಸ್ಟ್ ಅಕ್ಕಪಕ್ಕ ಇಟ್ಟು ನೋಡುವಂತೆ ಮಾಡಿ. ಎಡವುವುದು ಇಲ್ಲೇ: ವರದಿಯ ಕಾಗದ ಕೊಟ್ಟು ಬ್ಲಾಕ್ ಬಿಟ್ಟುಬರುತ್ತಾರೆ, ಅಥವಾ ಲ್ಯಾಬ್ ಚೀಟಿಯಲ್ಲಿ ಹಿಂದಿನ ಕ್ಯಾನ್ಸರ್ ಬರೆದೇ ಇರುವುದಿಲ್ಲ.

ಸ್ತನ ಕ್ಯಾನ್ಸರ್ ಆದವರ ಶ್ವಾಸಕೋಶದಲ್ಲಿ ಗಡ್ಡೆ ಸಿಕ್ಕಿತು ಎನ್ನಿ. ಐಎಚ್‌ಸಿಯಲ್ಲಿ, ಅಂದರೆ ಕೋಶಗಳ ಪ್ರೋಟೀನ್‌ಗಳನ್ನು ಬಣ್ಣ ಹಾಕಿ ಗುರುತಿಸುವ ಪರೀಕ್ಷೆಯಲ್ಲಿ, ಟಿಟಿಎಫ್-1 ಎಂಬ ಪ್ರೋಟೀನ್ ಪಾಸಿಟಿವ್, ಗಾಟಾ-3 ನೆಗೆಟಿವ್ ಬಂದರೆ ಅದು ಶ್ವಾಸಕೋಶದಲ್ಲೇ ಹುಟ್ಟಿದ್ದೆನ್ನಲು ಬಲ ಬರುತ್ತದೆ. ತಿರುವುಮುರುವಾದರೆ ಸ್ತನದ ಕಡೆ ಬೆರಳು. ಸಿಕೆ-7 ಎಂಬ ಇನ್ನೊಂದು ಪ್ರೋಟೀನ್ ಎರಡರಲ್ಲೂ ಸಾಮಾನ್ಯವಾಗಿ ಪಾಸಿಟಿವ್ ಬರುವುದರಿಂದ ಇಲ್ಲಿ ಉಪಯೋಗವಿಲ್ಲ. ಬಾಯಲ್ಲೊಂದು, ಶ್ವಾಸಕೋಶದಲ್ಲೊಂದು ಸ್ಕ್ವೇಮಸ್ (ಚಪ್ಪಟೆ ಕೋಶಗಳ) ಗಡ್ಡೆ ಇದ್ದರೆ ಈ ಬಣ್ಣಗಳೂ ಕೈಕೊಡುತ್ತವೆ. ಎರಡರ ಜೀನ್ ಬದಲಾವಣೆಗಳನ್ನು ಹೋಲಿಸಿ ನೋಡಬೇಕು.

1932ರಲ್ಲಿ ವಾರೆನ್ ಮತ್ತು ಗೇಟ್ಸ್ ಎಂಬ ಸಂಶೋಧಕರು ಹಾಕಿಕೊಟ್ಟ ಅಳತೆಗೋಲು ಈಗಲೂ ಬಳಕೆಯಲ್ಲಿದೆ: ಎರಡೂ ಖಚಿತವಾಗಿ ಕ್ಯಾನ್ಸರ್ ಆಗಿರಬೇಕು, ಬೇರೆ ಬೇರೆಯಾಗಿರಬೇಕು, ಒಂದು ಇನ್ನೊಂದರಿಂದ ಹರಡಿದ್ದಲ್ಲ ಎಂದು ಖಾತ್ರಿಯಾಗಬೇಕು.

ಹೊಸದೇ ಎಂದಾದರೆ ಹಳೆಯ ಚಿಕಿತ್ಸೆಯ ಲೆಕ್ಕ ಒಂದೇ ಹಾಳೆಗೆ ಇಳಿಸಿ: ಯಾವ ಕೀಮೋ, ಒಟ್ಟು ಎಷ್ಟು ಡೋಸ್, ಯಾವ ಜಾಗಕ್ಕೆ ಎಷ್ಟು ಗ್ರೇ (ರೇಡಿಯೇಶನ್ ಅಳೆಯುವ ಮಾನ) ರೇಡಿಯೇಶನ್. ಡಾಕ್ಸೊರುಬಿಸಿನ್ ಎಂಬ ಕೀಮೋ ಔಷಧಿಗೆ ಜೀವಮಾನದ ಮಿತಿ ದೇಹದ ಮೇಲ್ಮೈಯ ಚದರ ಮೀಟರಿಗೆ ಸುಮಾರು 450–550 ಮಿಲಿಗ್ರಾಂ. ದಾಟಿದರೆ ಹೃದಯಕ್ಕೆ ಪೆಟ್ಟು. ಎರಡು ಕ್ಯಾನ್ಸರ್‌ಗಳೂ ಒಟ್ಟಿಗೆ ಸಿಕ್ಕಿದ್ದರೆ, ಜೀವಕ್ಕೆ ಬೇಗ ಅಪಾಯ ತರುವುದಕ್ಕೇ ಮೊದಲ ಸರದಿ.

ದೊಡ್ಡ ಕರುಳಿನ ಜೊತೆ ಗರ್ಭಕೋಶದ ಒಳಪದರ, ಸ್ತನದ ಜೊತೆ ಅಂಡಾಶಯ, ಇಂಥ ಜೋಡಿ ಬಂದರೆ ಆನುವಂಶಿಕ ಪರೀಕ್ಷೆ ಮಾಡಿಸಿ. ಗಡ್ಡೆ ಬೆಳೆಯದಂತೆ ತಡೆಯುವ ಟಿಪಿ-53 ಜೀನ್‌ನಲ್ಲಿ ಹುಟ್ಟಿನಿಂದ ಬಂದ ದೋಷದ ಸಂಶಯವಿದ್ದರೆ ಫಲಿತಾಂಶ ರೇಡಿಯೇಶನ್ ತೀರ್ಮಾನಕ್ಕೆ ಮುಂಚೆಯೇ ಕೈಗೆ ಬರಲಿ, ಅಂಥವರಲ್ಲಿ ರೇಡಿಯೇಶನ್ನೇ ಇನ್ನೊಂದು ಗಡ್ಡೆಗೆ ದಾರಿಯಾಗಬಹುದು. ಇನ್ನು ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ಯಾಮಾಕ್ಸಿಫೆನ್ ಗರ್ಭಕೋಶದ ಒಳಪದರದ ಕ್ಯಾನ್ಸರ್ ಅಪಾಯ ಹೆಚ್ಚಿಸುವುದರಿಂದ, ಅದನ್ನು ತೆಗೆದುಕೊಂಡವರು ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ಮುಂದಿನ ಚೆಕಪ್‌ಗೆ ಕಾಯದೆ ತೋರಿಸಬೇಕು.